ಸಹಾಯ ಬೇಕು: ಮಸ್ಸೊಪ್ಪು ಅಜ್ಜಿ ಮಾಡಿದ ಹಾಗೆ ಬರುತ್ತಿಲ್ಲ

ನಮಸ್ಕಾರ. ನಾನು ಮಂಡ್ಯ ಕಡೆಯವಳು, ಈಗ ಪುಣೆಯಲ್ಲಿದ್ದೇನೆ. ಮುದ್ದೆಗೆ ಮಸ್ಸೊಪ್ಪು ಮಾಡಲು ಹೋಗಿ ಮೂರು ಸಲ ಕೆಡಿಸಿದೆ. ದಂಟು, ಪಾಲಕ್, ಸ್ವಲ್ಪ ಮೆಂತ್ಯ, ತೊಗರಿಬೇಳೆ, ಹಸಿಮೆಣಸಿನಕಾಯಿ, ಹುಣಸೆಹಣ್ಣು ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ 3 ವಿಸಿಲ್ ಕೂಗಿಸಿದೆ. ಸೊಪ್ಪು ಕಪ್ಪಗಾಯಿತು, ಬೇಳೆ ಮಾತ್ರ ಗಟ್ಟಿಯಾಗೇ ಉಳಿಯಿತು. ಹುಣಸೆ ಮೊದಲೇ ಹಾಕಿದ್ದು ತಪ್ಪಾಯ್ತಾ?

ಅಜ್ಜಿ ಮಡಕೆಯಲ್ಲಿ ಬೇಳೆ ಬೆಂದ ಮೇಲೆ ಸೊಪ್ಪು ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಕಟ್ಟು ಬಸಿದು ಮಸೆಯುತ್ತಿದ್ದರು. ಬೆಳ್ಳುಳ್ಳಿ ಒಗ್ಗರಣೆಯ ಘಮ ಬೀದಿಗೇ ಬರುತ್ತಿತ್ತು. ಆಗ ಸುಮ್ನೆ ತಿಂದೆ, ಕೇಳಿಕೊಳ್ಳಲಿಲ್ಲ.

ಮುಚ್ಚಳ ತೆಗೆದಿಟ್ಟೇ ಬೇಯಿಸಬೇಕಾ? ಇಲ್ಲಿ ಚಾಕವತ್ ಅಂತ ಮಾರುತ್ತಾರೆ, ಅದು ನಮ್ಮ ಚಕ್ಕೋತ ಸೊಪ್ಪೇ ಅಲ್ವಾ? ಗಣಿಕೆ ಸೊಪ್ಪು ಸಿಗುತ್ತಿಲ್ಲ, ಬದಲಿಗೆ ಏನು ಹಾಕಲಿ? ಮಿಕ್ಸಿ ಅಂತ ಮಾತ್ರ ಹೇಳಬೇಡಿ, ಅದೂ ಆಯ್ತು, ಚಟ್ನಿ ಆಯ್ತು. ಭಾನುವಾರ ಅತ್ತೆ ಬರುತ್ತಿದ್ದಾರೆ!