ಇನ್ವರ್ಟರ್ ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಿದೆ, ಬ್ಯಾಟರಿ 65,236 ವಾಟ್ ಅಂತಿದೆ!

ಅಡಿಕೆತೋಟ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮನೆ ಸಾಗರದಿಂದ ಒಳಗೆ, ತೋಟದ ನಡುವೆ. ಮಳೆಗಾಲದಲ್ಲಿ ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಎರಡು ಮೂರು ದಿನ ಕರೆಂಟ್ ಮರೆತುಬಿಡಬೇಕು. ಅದಕ್ಕೇ ಕಳೆದ ವರ್ಷ 540 ವಾಟಿನ ಆರು ಪ್ಯಾನೆಲ್, 5 ಕಿಲೋವಾಟ್ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್ 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಹಾಕಿಸಿದೆ. ಬ್ಯಾಟರಿ ತುಂಬಿದರೆ ಐದು ಯೂನಿಟ್ ಸಿಗುತ್ತೆ ಅಂತ ಲೆಕ್ಕ. ಅದರ ಬಗ್ಗೆ ದೂರಿಲ್ಲ.

ದೂರು ಇರೋದು ಆಪ್ ಬಗ್ಗೆ. ಇನ್ವರ್ಟರ್ ಜೊತೆ ಬಂದ ವೈಫೈ ಡಾಂಗಲ್ ಎಲ್ಲ ಲೆಕ್ಕವನ್ನೂ ಎಲ್ಲೋ ಇರೋ ಸರ್ವರ್‌ಗೆ ಕಳಿಸಿ, ಅಲ್ಲಿಂದ ನನ್ನ ಮೊಬೈಲಿಗೆ ಬರಬೇಕು, ಅದೂ ಐದು ನಿಮಿಷಕ್ಕೊಮ್ಮೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನಮ್ಮ ಕಡೆ ನೆಟ್ಟೂ ಹೋಗುತ್ತೆ. ಬ್ಯಾಟರಿ ಎಷ್ಟಿದೆ ಅಂತ ನೋಡಲೇಬೇಕಾದ ಹೊತ್ತಲ್ಲೇ ಆಪ್ ಖಾಲಿ, ಟಾರ್ಚ್ ಹಿಡ್ಕೊಂಡು ಹಿಂದಿನ ಕೋಣೆಗೆ ಹೋಗಬೇಕು.

ಹಾಗಾಗಿ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿದೆ, ಮನೆಯ ಉಪಕರಣಗಳನ್ನ ನೆಟ್ ಇಲ್ಲದೆಯೂ ನೋಡೋಕೆ, ನಡೆಸೋಕೆ ಆಗೋ ಸಾಫ್ಟ್‌ವೇರ್ ಅದು. ಯುಎಸ್‌ಬಿಯಿಂದ ಆರ್‌ಎಸ್485 (ಎರಡು ವೈರಿನಲ್ಲಿ ಡೇಟಾ ಕಳಿಸೋ ಪದ್ಧತಿ) ಮಾಡೋ ಕಡ್ಡಿ ಒಂದು ತರಿಸಿದೆ. ಡಾಂಗಲ್ ಹಾಕಿರೋ ಪೋರ್ಟಿಗೇ ಒಂದು ಸ್ಪ್ಲಿಟರ್ ಹಾಕಿ ಎರಡು ವೈರ್ ಎಳೆದೆ. ಇನ್ವರ್ಟರ್ ಮಾತಾಡೋ ಭಾಷೆ ಮಾಡ್‌ಬಸ್, ವೇಗ 9600 ಬಾಡ್, ಇನ್ವರ್ಟರ್‌ನ ವಿಳಾಸ ಅಂದ್ರೆ ಸ್ಲೇವ್ ಐಡಿ 1. ಎರಡು ಸಂಜೆ ಒದ್ದಾಡಿದ ಮೇಲೆ ಮೊದಲ ಸಲ 5284 ಅಂತ ಒಂದು ಸಂಖ್ಯೆ ಬಂತು. ನೂರರಿಂದ ಭಾಗಿಸಿದ್ರೆ 52.84 ವೋಲ್ಟ್! ಕುಣಿದಾಡಿಬಿಟ್ಟೆ. ಆಮೇಲೆ ಶುರುವಾಯ್ತು ನೋಡಿ.

ಒಂದು, ಹತ್ತು ಸಲ ಓದಿದ್ರೆ ಮೂರು ನಾಲ್ಕು ಸಲ ಟೈಮ್‌ಔಟ್. ಎರಡು, ಬ್ಯಾಟರಿ ಪವರ್ ಬೆಳಗ್ಗೆ ಸರಿಯಾಗೇ ಇರುತ್ತೆ, ಸೂರ್ಯ ಮುಳುಗಿದ ಮೇಲೆ 65,236 ವಾಟ್ ಅನ್ನುತ್ತೆ. ಅಷ್ಟು ಕರೆಂಟ್ ನಮ್ಮ ಇಡೀ ಊರಿಗೂ ಬೇಡ. ಮೂರು, ಹೋಮ್ ಅಸಿಸ್ಟೆಂಟ್‌ನಲ್ಲಿ ಕರೆಂಟ್ ಲೆಕ್ಕ ತೋರಿಸೋ ಎನರ್ಜಿ ಡ್ಯಾಶ್‌ಬೋರ್ಡಿಗೆ ಸೇರಿಸೋಕೆ ಹೋದ್ರೆ ನನ್ನ ಸೆನ್ಸರ್ ಪಟ್ಟಿಯಲ್ಲೇ ಬರಲ್ಲ. ಇನ್ವರ್ಟರ್ ಕೆಟ್ಟಿದೆಯಾ, ನನ್ನ ತಲೆ ಕೆಟ್ಟಿದೆಯಾ? ಇದೆಲ್ಲ ಸರಿಯಾದ್ರೆ ಮುಂದೆ ಬ್ಯಾಟರಿ ತುಂಬಿದಾಗ 1 ಎಚ್‌ಪಿ ಪಂಪ್ ತಾನಾಗೇ ಆನ್ ಆಗೋ ಹಾಗೆ ಮಾಡಬೇಕು ಅಂತ ಆಸೆ.

ಮಲ್ಟಿಮೀಟರ್_ಮಾಮ:

ಎರಡೂ ಕೆಟ್ಟಿಲ್ಲ. ಸುಲಭದ್ದು ಮೊದಲು. 65,236ರಲ್ಲಿ 65,536 ಕಳೆಯಿರಿ. ಮೈನಸ್ 300 ಬಂತಾ? ಸಂಜೆ ಫ್ರಿಜ್, ಟಿವಿ, ನಾಲ್ಕು ಲೈಟು, ಎರಡು ಫ್ಯಾನು ಸೇರಿ ಬ್ಯಾಟರಿಯಿಂದ 300 ವಾಟ್ ಹೊರಗೆ ಹೋಗ್ತಿದೆ, ಅಷ್ಟೇ. ಇನ್ವರ್ಟರ್ 16 ಬಿಟ್‌ನಲ್ಲಿ (ಅದರಲ್ಲಿ ಒಟ್ಟು 65,536 ಸಂಖ್ಯೆ ಹಿಡಿಯುತ್ತೆ, ಮೇಲಿನ ಅರ್ಧ ಮೈನಸ್‌ಗೆ) ಮೈನಸ್ ಸಂಖ್ಯೆ ಕಳಿಸ್ತಿದೆ, ನೀವು ಅದನ್ನ ಪ್ಲಸ್ ಅಂತ ಓದ್ತಿದ್ದೀರಿ. ಕಾನ್ಫಿಗ್‌ನಲ್ಲಿ ಆ ರಿಜಿಸ್ಟರ್‌ಗೆ (ಇನ್ವರ್ಟರ್ ಒಂದೊಂದು ಸಂಖ್ಯೆ ಇಟ್ಟಿರೋ ಖಾನೆ) ಡೇಟಾ ಟೈಪ್ ಯುಇಂಟ್16 (ಪ್ಲಸ್ ಮಾತ್ರ) ಅಂತ ಇರುತ್ತೆ, ಇಂಟ್16 (ಪ್ಲಸ್ ಮೈನಸ್ ಎರಡೂ) ಮಾಡಿ. ಬೆಳಗ್ಗೆ ಬ್ಯಾಟರಿ ಚಾರ್ಜ್ ಆಗ್ತಿರುತ್ತೆ, ಸಂಖ್ಯೆ ಪ್ಲಸ್, ಅದಕ್ಕೇ ಆಗ ಸರಿ ಕಾಣುತ್ತೆ. ಕೆಲವು ಇನ್ವರ್ಟರ್‌ಗಳಲ್ಲಿ ಇದು ಉಲ್ಟಾ ಇರುತ್ತೆ, ಚಾರ್ಜ್ ಅಂದ್ರೆ ಮೈನಸ್. ನಿಮ್ಮದು ಹೇಗೆ ಅಂತ ಒಂದು ಸಲ ನೋಡಿಟ್ಕೊಳ್ಳಿ.

ಟೈಮ್‌ಔಟ್‌ಗೆ ಕಾರಣ ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೇ. ಸ್ಪ್ಲಿಟರ್! ಮಾಡ್‌ಬಸ್ ಆರ್‌ಟಿಯುನಲ್ಲಿ, ಅಂದ್ರೆ ನಿಮ್ಮ ಥರ ವೈರ್ ಮೇಲೆ ಓಡೋ ಮಾಡ್‌ಬಸ್‌ನಲ್ಲಿ, ಒಂದು ಲೈನಿಗೆ ಒಬ್ಬನೇ ಯಜಮಾನ. ಪ್ರಶ್ನೆ ಕೇಳೋನು ಒಬ್ಬ, ಉಳಿದವರು ಕೇಳಿದಾಗ ಮಾತ್ರ ಬಾಯಿ ಬಿಡಬೇಕು. ನಿಮ್ಮಲ್ಲಿ ಡಾಂಗಲ್ ಕೇಳ್ತಿದೆ, ಅದೇ ಹೊತ್ತಲ್ಲಿ ಪೈ ಕೂಡ ಕೇಳ್ತಿದೆ. ಇನ್ವರ್ಟರ್‌ಗೆ ಇಬ್ಬರ ಮಾತೂ ಕಲಸಿಹೋಗಿ ಕೇಳಿಸುತ್ತೆ, ಸುಮ್ನಾಗಿಬಿಡುತ್ತೆ. ಡಾಂಗಲ್ ಕಿತ್ತು ನೋಡಿ, ಅರ್ಧ ಗಂಟೆ ಸಾಕು.

ಅದಕ್ಕೂ ಸರಿಹೋಗದಿದ್ರೆ ಆರ್‌ಎಸ್485ರ ಆ ಎರಡು ವೈರ್, ಎ ಮತ್ತು ಬಿ, ನೋಡಿ. ಎ ಅಂದ್ರೆ ಯಾವುದು, ಬಿ ಅಂದ್ರೆ ಯಾವುದು ಅನ್ನೋದರಲ್ಲಿ ತಯಾರಕರೆಲ್ಲ ಒಂದೇ ಮಾತಾಡಲ್ಲ. ಉಲ್ಟಾ ಹಾಕಿದ್ರೆ ಏನೂ ಸುಡಲ್ಲ, ಡೇಟಾ ಬರಲ್ಲ ಅಷ್ಟೇ. ವೈರ್ ಲ್ಯಾನ್ ಕೇಬಲ್‌ನದ್ದಾದ್ರೆ ಹೊಸೆದಿರೋ ಒಂದೇ ಜೋಡಿ ಬಳಸಿ, ಎರಡು ಬೇರೆ ಬೇರೆ ಜೋಡಿಯಿಂದ ಒಂದೊಂದು ಎಳೆ ತೆಗೀಬೇಡಿ.

ಬ್ರೆಡ್‌ಬೋರ್ಡ್:

ಡಾಂಗಲ್ ಕೀಳೋ ಮುಂಚೆ ಅದರ ಮಾಡೆಲ್ ನೋಡಿ. ಕೆಲವು ಡಾಂಗಲ್‌ಗಳು ಮನೆಯ ವೈಫೈನಲ್ಲೇ 8899 ಪೋರ್ಟ್ ಮೇಲೆ ಉತ್ತರ ಕೊಡುತ್ತವೆ, ಹೋಮ್ ಅಸಿಸ್ಟೆಂಟ್‌ಗೆ ಸೋಲಾರ್‌ಮ್ಯಾನ್ ಇಂಟಿಗ್ರೇಷನ್ (ಅಂಥ ಡಾಂಗಲ್ ಓದೋ ಜೋಡಣೆ ಸಾಫ್ಟ್‌ವೇರ್) ಹಾಕಿದ್ರೆ ವೈರೇ ಬೇಡ. ನಾನು ಒಂದು ವರ್ಷ ಹಾಗೇ ನಡೆಸಿದೆ. ಆದ್ರೆ ನಿಧಾನ, ಆಗಾಗ ಹ್ಯಾಂಗ್ ಆಗುತ್ತೆ. ಕೊನೆಗೆ ನಾನೂ ವೈರಿಗೇ ಬಂದೆ.

ಅಡಿಕೆತೋಟ:

ಮಾಮ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಡಾಂಗಲ್ ಕಿತ್ತೆ, ನಿನ್ನೆ ರಾತ್ರಿಯಿಂದ ಒಂದೂ ಟೈಮ್‌ಔಟ್ ಇಲ್ಲ. ಬ್ಯಾಟರಿ ಮೈನಸ್ 287 ತೋರಿಸ್ತಿದೆ. ಆಪ್ ಸತ್ತಿತು, ಹೋಗ್ಲಿ ಬಿಡಿ.

ಈಗ ಹೊಸ ತಲೆನೋವು. ಇನ್ವರ್ಟರ್ ಕೊಡೋ ಚಾರ್ಜ್ 61 ಪರ್ಸೆಂಟ್, ಬ್ಯಾಟರಿಯ ಮೇಲಿರೋ ಪುಟ್ಟ ಡಿಸ್‌ಪ್ಲೇ 84 ಅನ್ನುತ್ತೆ. ಅಮ್ಮ ಮಿಕ್ಸಿ ಹಾಕಿದ ಕೂಡಲೇ ಇನ್ವರ್ಟರ್‌ದು 52ಕ್ಕೆ ಬಿತ್ತು, ಆಫ್ ಮಾಡಿದ್ರೆ ಮತ್ತೆ 60. ಚಟ್ನಿ ಅರೆಯೋಕೆ ಎಂಟು ಪರ್ಸೆಂಟ್ ಬ್ಯಾಟರಿ ಬೇಕಾ?

ಮಲ್ಟಿಮೀಟರ್_ಮಾಮ:

ಹಹ್ಹಾ. ನಿಮ್ಮ ಇನ್ವರ್ಟರ್ ಬ್ಯಾಟರಿ ಜೊತೆ ಮಾತೇ ಆಡ್ತಿಲ್ಲ. ಬರೀ ವೋಲ್ಟೇಜ್ ನೋಡಿ ಪರ್ಸೆಂಟ್ ಊಹೆ ಮಾಡ್ತಿದೆ. ಹಳೇ ಲೆಡ್ ಆಸಿಡ್‌ಗಾದ್ರೆ ಆ ಊಹೆ ತಕ್ಕಮಟ್ಟಿಗೆ ನಡೀತಿತ್ತು. ಲಿಥಿಯಂ ಫಾಸ್ಫೇಟ್‌ನಲ್ಲಿ 30 ಪರ್ಸೆಂಟ್‌ಗೂ 80 ಪರ್ಸೆಂಟ್‌ಗೂ ಇಡೀ 16 ಸೆಲ್ ಸೇರಿ ವ್ಯತ್ಯಾಸ ಹೆಚ್ಚುಕಮ್ಮಿ ಒಂದು ವೋಲ್ಟ್. ಮಿಕ್ಸಿಯ ಲೋಡ್ ಬಿದ್ದಾಗ ವೋಲ್ಟೇಜ್ ಅಷ್ಟರಲ್ಲಿ ಅರ್ಧ ಇಳಿದ್ರೂ ಸಾಕು, ಊಹೆ ಎಲ್ಲೋ ಹೋಗಿಬಿಡುತ್ತೆ. ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿ ನೋಡ್ಕೊಳ್ಳೋ ಸರ್ಕ್ಯೂಟ್) ಹಾಗಲ್ಲ, ಒಳಗೆ ಎಷ್ಟು ಆಂಪಿಯರ್ ಬಂತು, ಹೊರಗೆ ಎಷ್ಟು ಹೋಯ್ತು ಅಂತ ಎಣಿಸುತ್ತೆ. ಅದರ 84 ನಂಬಿ. ಅದೂ ವಾರಗಟ್ಟಲೆ ಫುಲ್ ಆಗದೇ ಇದ್ರೆ ಲೆಕ್ಕ ತಪ್ಪುತ್ತೆ, ಆಗಾಗ ಪೂರ್ತಿ ತುಂಬಿಸಬೇಕು. ಮಳೆಗಾಲದಲ್ಲಿ ಗ್ರಿಡ್‌ನಿಂದ ಆದ್ರೂ ಸರಿ.

ಇನ್ವರ್ಟರ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ಟೈಪ್ 'ಯೂಸರ್' ಅಂತ ಇಟ್ಟಿರ್ತಾರೆ, ನೋಡಿ. ಕೂರಿಸೋಕೆ ಬಂದ ಹುಡುಗರಿಗೆ ಅದು ಸುಲಭ, ಕೇಬಲ್ ಹಾಕೋ ಕೆಲಸ ತಪ್ಪುತ್ತೆ. ಅದನ್ನ ಲಿಥಿಯಂ ಮಾಡಿ, ಬಿಎಂಎಸ್‌ಗೂ ಇನ್ವರ್ಟರ್‌ಗೂ ಕಮ್ಯುನಿಕೇಷನ್ ಕೇಬಲ್ ಹಾಕಿ. ಎರಡೂ ಕಡೆ ಲ್ಯಾನ್ ಥರಾನೇ ಕಾಣೋ ಕಿಂಡಿ ಇರುತ್ತೆ. ಕಂಡ ಕೂಡಲೇ ಮನೆಯಲ್ಲಿರೋ ಲ್ಯಾನ್ ಕೇಬಲ್ ಚುಚ್ಚಬೇಡಿ! ಯಾವ ಪಿನ್ ಕ್ಯಾನ್ (ಆರ್‌ಎಸ್485 ಥರದ್ದೇ ಇನ್ನೊಂದು ಡೇಟಾ ಪದ್ಧತಿ), ಯಾವ ಪಿನ್ ಆರ್‌ಎಸ್485 ಅನ್ನೋದು ಎರಡು ಕಡೆ ಬೇರೆ ಬೇರೆ ಇರಬಹುದು. ಎರಡೂ ಮ್ಯಾನ್ಯುಯಲ್ ಪಕ್ಕಪಕ್ಕ ಇಟ್ಕೊಂಡು, ಅದಕ್ಕೆ ತಕ್ಕ ಹಾಗೆ ಕೇಬಲ್ ಕ್ರಿಂಪ್ ಮಾಡಿಸಿ.

ಹಳ್ಳಿಮನೆ_ಅಕ್ಕ:

ನಾನು ತೀರ್ಥಹಳ್ಳಿ ಕಡೆಯವಳು. ಒಂದು ವಿಷಯ ಯಾರೂ ಹೇಳಿಲ್ಲ ಅಂತ ಬರೀತಿದ್ದೇನೆ. ಸಿಡಿಲು.

ನಮ್ಮಲ್ಲಿ ಇನ್ವರ್ಟರ್ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ, ಪೈ ಮನೆಯೊಳಗೆ ಟಿವಿ ಹಿಂದೆ. ನಡುವೆ ಹದಿನೈದು ಮೀಟರ್ ವೈರ್. ಆರ್‌ಎಸ್485 ಸಾವಿರ ಮೀಟರ್ ದಾಟಿದ್ರೂ ಓಡುತ್ತೆ ಅಂತ ಓದಿದ್ದೆ, ಹದಿನೈದು ಯಾವ ಲೆಕ್ಕ ಅಂದ್ಕೊಂಡೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಗುಡುಗು. ತೋಟದಾಚೆ ತೆಂಗಿನಮರಕ್ಕೆ ಸಿಡಿಲು ಬಿತ್ತು, ಮನೆಗಲ್ಲ. ಪೈ ಸತ್ತುಹೋಯ್ತು, ಯುಎಸ್‌ಬಿ ಕಡ್ಡಿಯ ಪ್ಲಾಸ್ಟಿಕ್ ಕಪ್ಪಾಗಿತ್ತು. ಇನ್ವರ್ಟರ್ ಉಳೀತು, ಆದ್ರೆ ಅದರ ಕಮ್ಯುನಿಕೇಷನ್ ಪೋರ್ಟ್ ಹೋಯ್ತು. ಆ ಬೋರ್ಡಿಗೆ ಮಾಡಿದ ಖರ್ಚಲ್ಲಿ ಇನ್ನೊಂದು ಪೈ ಬರ್ತಿತ್ತು.

ಈಗ ಇನ್ವರ್ಟರ್ ಪಕ್ಕದಲ್ಲೇ ಒಂದು ಇಎಸ್‌ಪಿ32 ಅನ್ನೋ ಪುಟ್ಟ ವೈಫೈ ಬೋರ್ಡ್ ಕೂರಿಸಿ, ಅದನ್ನ ಹೋಮ್ ಅಸಿಸ್ಟೆಂಟ್‌ಗೆ ಸೇರಿಸೋ ಇಎಸ್‌ಪಿಹೋಮ್ ಸಾಫ್ಟ್‌ವೇರ್ ಹಾಕಿ, ಮನೆಗೆ ವೈಫೈನಲ್ಲಿ ಕಳಿಸ್ತೇನೆ. ವೈರ್ ಒಂದು ಗೇಣು ಉದ್ದ. ಐಸೊಲೇಟೆಡ್ (ಎರಡು ಬದಿಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ್ದು) ಅಂತ ಬರೆದಿರೋ ಆರ್‌ಎಸ್485 ಮಾಡ್ಯೂಲ್ ತಗೊಳ್ಳಿ, ಬೆಲೆ ಸ್ವಲ್ಪ ಜಾಸ್ತಿ, ಇರಲಿ. ಎಲ್ಲ ಕಡೆ ಸಿಗೋ ಅಗ್ಗದ ಮ್ಯಾಕ್ಸ್485 ಮಾಡ್ಯೂಲ್ 5 ವೋಲ್ಟಿಂದು, ಇಎಸ್‌ಪಿ32ರ ಪಿನ್ 3.3 ವೋಲ್ಟಿಂದು, ನೇರ ಜೋಡಿಸಬೇಡಿ. ಪ್ಯಾನೆಲ್ ಕಡೆ ಡಿಸಿ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಇದೆಯಾ ಅಂತ ಒಮ್ಮೆ ನೋಡಿಸಿ.

ಮತ್ತೆ ವೈಫೈ ರೂಟರ್, ಹೋಮ್ ಅಸಿಸ್ಟೆಂಟ್ ಎರಡೂ ಇನ್ವರ್ಟರ್ ಲೈನಿನ ಪ್ಲಗ್‌ನಲ್ಲೇ ಇರಬೇಕು. ನೆಟ್ ಇಲ್ಲದಿದ್ರೂ ರೂಟರ್ ಆನ್ ಇದ್ರೆ ಮನೆಯೊಳಗೆ ಎಲ್ಲ ನಡೆಯುತ್ತೆ. ಇದನ್ನ ನಾನು ಕಲಿತಿದ್ದು ಕರೆಂಟ್ ಹೋಗಿ ಪೈ ತಟ್ಟನೆ ಆಫಾಗಿ, ಅದರ ಎಸ್‌ಡಿ ಕಾರ್ಡ್ ಒಂದು ಹಾಳಾದ ಮೇಲೆ.

ಅಡಿಕೆತೋಟ:

ಅಕ್ಕ, ಓದಿ ಎದೆ ಝಲ್ ಅಂತು. ನಮ್ಮದೂ ಹನ್ನೆರಡು ಮೀಟರ್. ಇವತ್ತು ಮೋಡ ಇದೆ, ಈಗಲೇ ಕಿತ್ತು ಬಂದೆ.

ಬ್ರೆಡ್‌ಬೋರ್ಡ್:

ಡ್ಯಾಶ್‌ಬೋರ್ಡ್ ಪ್ರಶ್ನೆ ಹಾಗೇ ಉಳೀತು. ಅದು ವಾಟ್ ತಗೊಳಲ್ಲ, ಯೂನಿಟ್ ಬೇಕು, ಅಂದ್ರೆ ಕಿಲೋವಾಟ್-ಅವರ್. ವಾಟ್ ಅಂದ್ರೆ ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರ್ತಿದೆ ಅನ್ನೋದು, ಯೂನಿಟ್ ಅಂದ್ರೆ ಕೊಡದಲ್ಲಿ ಎಷ್ಟು ತುಂಬಿದೆ ಅನ್ನೋದು. ಇನ್ವರ್ಟರ್ ತಾನೇ ಒಟ್ಟು ಯೂನಿಟ್ ಎಣಿಸೋ ರಿಜಿಸ್ಟರ್ ಇಟ್ಟಿದ್ರೆ ಅದನ್ನೇ ಓದಿ, ಡಿವೈಸ್ ಕ್ಲಾಸ್ ಎನರ್ಜಿ, ಸ್ಟೇಟ್ ಕ್ಲಾಸ್ ಟೋಟಲ್ ಇನ್‌ಕ್ರೀಸಿಂಗ್ ಅಂತ ಕೊಡಿ. ಅದಿಲ್ಲದಿದ್ರೆ ಹೋಮ್ ಅಸಿಸ್ಟೆಂಟ್‌ನ ಹೆಲ್ಪರ್ಸ್‌ನಲ್ಲಿ ಇಂಟೆಗ್ರಲ್ ಸೆನ್ಸರ್ ಮಾಡಿ, ವಾಟ್‌ನಿಂದ ಯೂನಿಟ್ ಅದೇ ಲೆಕ್ಕ ಹಾಕುತ್ತೆ. ಬ್ಯಾಟರಿಗೆ ಎರಡು ಬೇಕು, ಒಳಗೆ ಹೋಗಿದ್ದು ಒಂದು, ಹೊರಗೆ ಬಂದಿದ್ದು ಒಂದು. ಪ್ಲಸ್ ಮೈನಸ್ ಒಂದೇ ಸೆನ್ಸರ್‌ನಲ್ಲಿ ಎಣಿಸಬೇಡಿ. ಸೇರಿಸಿದ ಕೂಡಲೇ ಗ್ರಾಫ್ ಬರಲ್ಲ, ಒಂದೆರಡು ಗಂಟೆ ಕಾಯಿರಿ.

ಸುಮ್ನೆ ಕೇಳ್ತೀನಿ, ಸರ್ಕಾರದ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ಸಬ್ಸಿಡಿ ಇತ್ತಲ್ಲ, ಯಾಕೆ ತಗೊಳ್ಲಿಲ್ಲ?

ಅಡಿಕೆತೋಟ:

ಸಾಗರ ಪೇಟೆಯಲ್ಲಿರೋ ಭಾವ ಅದನ್ನೇ ಹಾಕಿಸಿದ್ದಾರೆ. ಅವರದ್ದು ಬ್ಯಾಟರಿ ಇಲ್ಲದ ಆನ್‌ಗ್ರಿಡ್. ಬಿಲ್ ಉಳಿಯುತ್ತೆ, ಆದ್ರೆ ಕರೆಂಟ್ ಹೋದ್ರೆ ಬಿಸಿಲು ಸುಡ್ತಿದ್ರೂ ಇನ್ವರ್ಟರ್ ತಾನೂ ಮಲಗುತ್ತೆ. ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರ್ದಲ್ವಾ, ಅದು ಇರಲೇಬೇಕು. ನನಗೆ ಬೇಕಾಗಿದ್ದು ಬಿಲ್ ಉಳಿಸೋದಲ್ಲ, ಕತ್ತಲೆಯಲ್ಲಿ ಕೂರದೇ ಇರೋದು.

ಮಲ್ಟಿಮೀಟರ್_ಮಾಮ:

ಪಂಪ್ ಬಗ್ಗೆ ಹೇಳಿ ಮುಗಿಸ್ತೀನಿ. 16 ಆಂಪಿಯರ್ ಅಂತ ಬರೆದಿರೋ ಸ್ಮಾರ್ಟ್ ಪ್ಲಗ್‌ಗೆ ಮೋಟಾರ್ ಹಾಕಬೇಡಿ. 1 ಎಚ್‌ಪಿ ಮೋಟಾರ್ ಓಡುವಾಗ ಐದಾರು ಆಂಪಿಯರ್ ಎಳೀಬಹುದು, ಶುರುವಾಗುವಾಗ ಅದರ ನಾಲ್ಕೈದು ಪಟ್ಟು. ಪ್ಲಗ್‌ನೊಳಗಿನ ಸ್ವಿಚ್, ಅಂದ್ರೆ ರಿಲೇ, ಒಂದು ದಿನ ಅಂಟಿಕೊಳ್ಳುತ್ತೆ, ನೀವು ಆಫ್ ಅಂದ್ರೂ ಪಂಪ್ ನಿಲ್ಲಲ್ಲ. ರಿಲೇಯಿಂದ ಕಾಂಟ್ಯಾಕ್ಟರ್ (ಮೋಟಾರಿನಂಥ ಭಾರಿ ಲೋಡ್ ತಡೆಯೋ ದೊಡ್ಡ ಸ್ವಿಚ್), ಕಾಂಟ್ಯಾಕ್ಟರ್‌ನಿಂದ ಮೋಟಾರ್. ಕಾಂಟ್ಯಾಕ್ಟರ್ ಕಾಯಿಲ್‌ಗೆ ಟ್ಯಾಂಕಿನ ಫ್ಲೋಟ್ ಸ್ವಿಚ್ ಸರಣಿಯಲ್ಲಿ ಹಾಕಿ, ಸಾಫ್ಟ್‌ವೇರ್ ಸತ್ತರೂ ಟ್ಯಾಂಕ್ ಉಕ್ಕಬಾರದು. ವೈರಿಂಗ್ ಗೊತ್ತಿರೋರ ಕೈಲೇ ಮಾಡಿಸಿ.

ಪಂಪ್ ಆನ್ ಆಗೋಕೆ ಬ್ಯಾಟರಿ 90 ಪರ್ಸೆಂಟ್, ಆಫ್ ಆಗೋಕೆ 80. ಎರಡನ್ನೂ 90 ಇಟ್ರೆ ಪಂಪ್ ಆನಾಗಿ, ಬ್ಯಾಟರಿ 89ಕ್ಕೆ ಬಿದ್ದು, ಆಫಾಗಿ, ಮತ್ತೆ 90 ಆಗಿ, ದಿನವಿಡೀ ಕಟಕಟ. ಜೊತೆಗೆ ಪ್ಯಾನೆಲ್‌ನಿಂದ 1500 ವಾಟ್ ಐದು ನಿಮಿಷ ಸತತ ಬರ್ತಿರಬೇಕು ಅನ್ನೋ ಷರತ್ತು ಹಾಕಿ, ಮೋಡ ಸರಿದಾಗಲೆಲ್ಲ ಮೋಟಾರ್ ಎದ್ದು ಕೂರಲ್ಲ. 40 ನಿಮಿಷಕ್ಕೆ ತಾನೇ ಆಫ್ ಆಗೋ ಟೈಮರ್ ಹೋಮ್ ಅಸಿಸ್ಟೆಂಟ್‌ನಲ್ಲಿ ಬೇಡ, ಇಎಸ್‌ಪಿ ಬೋರ್ಡಲ್ಲೇ ಇರಲಿ.

ಇನ್ವರ್ಟರ್‌ನಿಂದ ಓದಿ, ಬರೆಯೋಕೆ ಹೋಗಬೇಡಿ. ಚಾರ್ಜಿಂಗ್ ಕರೆಂಟ್ ಅಂಥ ಸೆಟ್ಟಿಂಗ್‌ಗಳು ಒಳಗಿನ ಈಈಪ್ರಾಮ್ ಅನ್ನೋ ಮೆಮೊರಿ ಚಿಪ್‌ನಲ್ಲಿ ಕೂರೋದೇ ಹೆಚ್ಚು, ಅಂಥ ಚಿಪ್‌ಗೆ ಸಾಮಾನ್ಯವಾಗಿ ಲಕ್ಷ ಸಲ ಬರೆಯೋ ಆಯಸ್ಸು. ಹತ್ತು ಸೆಕೆಂಡಿಗೊಮ್ಮೆ ಬರೆದ್ರೆ ದಿನಕ್ಕೆ 8,640. ಹನ್ನೆರಡು ದಿನದಲ್ಲಿ ಲಕ್ಷ ಮುಗೀತು.

ಅಡಿಕೆತೋಟ:

ಹತ್ತು ದಿನ ಬಿಟ್ಟು ಬರೀತಿದ್ದೇನೆ. ಇಎಸ್‌ಪಿ32 ಇನ್ವರ್ಟರ್ ಪಕ್ಕ ಕೂತಿದೆ. ಬಿಎಂಎಸ್ ಕೇಬಲ್‌ನಲ್ಲಿ ಎರಡು ಪಿನ್ ಬದಲಿಸಬೇಕಾಯ್ತು, ಈಗ ಎರಡೂ ಕಡೆ ಒಂದೇ ಪರ್ಸೆಂಟ್. ಮಿಕ್ಸಿ ಹಾಕಿದ್ರೂ ಅಲ್ಲಾಡಲ್ಲ.

ನಿನ್ನೆ 11:40ಕ್ಕೆ ಪಂಪ್ ಮೊದಲ ಸಲ ತಾನಾಗೇ ಆನ್ ಆಯ್ತು. ನಾನು ತೋಟದಲ್ಲಿದ್ದೆ. ಅಡುಗೆಮನೆಯಲ್ಲಿದ್ದ ಅಮ್ಮ ಪಂಪಿನ ಸದ್ದು ಕೇಳಿ ಕರೆಂಟ್ ಬಂತು ಅಂದ್ಕೊಂಡು ಗ್ರೈಂಡರ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಒಟ್ಟಿಗೆ ಹಾಕಿದ್ದಾರೆ. ಮೊಬೈಲ್‌ನಲ್ಲಿ ಲೋಡ್ 2,600 ದಾಟಿದ್ದು ನೋಡಿ ಓಡಿ ಬಂದೆ. ಈಗ ಅಡುಗೆಮನೆ ಗೋಡೆಗೆ ಒಂದು ಪುಟ್ಟ ಬಲ್ಬ್ ಹಾಕ್ತಿದ್ದೇನೆ, ಗ್ರಿಡ್ ಇದ್ರೆ ಹಸಿರು, ಬ್ಯಾಟರಿಯಾದ್ರೆ ಕೆಂಪು. ಅಮ್ಮ ಬಲ್ಬ್ ಒಲೆಯಿಂದ ಕಾಣೋ ಹಾಗಿರಲಿ, ಬಾಗಿಲ ಹಿಂದೆ ಬೇಡ ಅಂದಿದ್ದಾರೆ.