ತರಗತಿಯ ಆನೆಗೊಂಬೆ ಗೋಳಗುಮ್ಮಟಕ್ಕೆ ಹೊರಟಿದೆ, ಅಲ್ಲಿ ಏನೇನು ಮಾಡಿಸಬೇಕು?

ನಾಲ್ಕನೇ ತರಗತಿ ಟೀಚರ್:

ನಮಸ್ಕಾರ. ಗುಂಡಣ್ಣ ನಮ್ಮ ತರಗತಿಯ ಮಸ್ಕಾಟ್. ಬಟ್ಟೆಯ ಆನೆ, ಒಳಗೆ ಹತ್ತಿ, ಎತ್ತರ 25 ಸೆಂ.ಮೀ. ಇಡೀ ತರಗತಿಯನ್ನು ಮೈಸೂರಿನಿಂದ ವಿಜಯಪುರಕ್ಕೆ ಕರೆದೊಯ್ಯಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಒಬ್ಬ ಹುಡುಗಿಯ ಮನೆಯವರು ಅಲ್ಲಿಗೆ ಹೋಗುತ್ತಿದ್ದಾರೆ, ಗುಂಡಣ್ಣನನ್ನೂ ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಗುಮ್ಮಟದ ಮುಂದೆ ಗೊಂಬೆ ಹಿಡಿದು ನಾಲ್ಕು ಫೋಟೊ ತೆಗೆದು ಬಂದರೆ ಊರಲ್ಲೇ ಉಳಿದ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಅವನಿಂದ ಏನು ಕೆಲಸ ಮಾಡಿಸಬಹುದು? ಎಲ್ಲಿ ಎಡವಟ್ಟಾಗುತ್ತದೆ? ಹೋಗುವವರು ಶಿಕ್ಷಕರಲ್ಲ, ಹಾಗಾಗಿ ಬಿಡಿಸಿ ಹೇಳಿದರೆ ಉಪಕಾರ.

ಅಳತೆಪಟ್ಟಿ:

ಗುಂಡಣ್ಣನನ್ನೇ ಅಳತೆಗೋಲು ಮಾಡಿ ಮೇಡಂ. ಕಟ್ಟಡದ ಗಾತ್ರ ಮಕ್ಕಳ ತಲೆಗೆ ಹತ್ತುವುದು ಹಾಗೇನೇ. 'ಒಳಗಿನ ಒಂದು ಗೋಡೆ 41.3 ಮೀಟರ್' ಅಂದರೆ ಅವರ ಕಣ್ಣಿಗೆ ಏನೂ ಕಟ್ಟುವುದಿಲ್ಲ. '165 ಗುಂಡಣ್ಣಗಳನ್ನು ಸಾಲಾಗಿ ಮಲಗಿಸಬಹುದು' ಅಂದರೆ ಮರುದಿನವೇ ಶಾಲೆಯ ಮೈದಾನದಲ್ಲಿ ಅಳೆಯಲು ನಿಲ್ಲುತ್ತಾರೆ.

ಗೊಂಬೆಯನ್ನೇ ನೆಲದ ಮೇಲೆ 165 ಸಲ ಉರುಳಿಸುತ್ತಾ ಕೂರುವುದು ಬೇಡ. ಬಟ್ಟೆ ಗೊಂಬೆ ಒಂದೊಂದು ಸಲ ಒಂದೊಂದು ಉದ್ದ ಬರುತ್ತದೆ, ಜನ ಓಡಾಡುವ ಜಾಗ ಬೇರೆ. 5 ಮೀಟರ್ ಸಣಬಿನ ಹುರಿ ತಗೊಂಡು ಪ್ರತಿ 25 ಸೆಂ.ಮೀ.ಗೆ ಪೆನ್ನಿನಲ್ಲಿ ಗುರುತು ಹಾಕಿ, 20 ಗುಂಡಣ್ಣ ಆಯಿತು. ಗಂಟು ಹಾಕಿದರೆ ಒಂದೊಂದು ಗಂಟೂ ಒಂದೆರಡು ಸೆಂಟಿಮೀಟರ್ ಹುರಿಯನ್ನು ನುಂಗುತ್ತದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ. ಅಳೆಯುವುದು ಗೋಡೆಯ ಪಕ್ಕದಲ್ಲಿ, ಏಕೆಂದರೆ ನಡುವೆ ಗೋರಿಗಳ ಕಟ್ಟೆ ಇದೆ. ಎಂಟು ಸಲ ಹುರಿ ಹಾಸಿ ಮೇಲೆ ಸುಮಾರು ಐದು ಗುಂಡಣ್ಣ ಉಳಿದರೆ ಲೆಕ್ಕ ಸರಿ.

ಇನ್ನೊಂದು ಚಂದದ ಲೆಕ್ಕ ಇದೆ. ಒಳಗಿನ ಚೌಕ 135 ಅಡಿ ಅಂತ ಕೆಲವು ಕಡೆ ಬರೆದಿರುತ್ತಾರೆ, ಅದನ್ನು ಅದರಿಂದಲೇ ಗುಣಿಸಿದರೆ 18,225 ಚದರ ಅಡಿ. ಆದರೆ ಎಲ್ಲರೂ ಹೇಳುವ ವಿಸ್ತೀರ್ಣ 18,337. ಅಳತೆ ನಿಜಕ್ಕೂ 135 ಅಡಿ 5 ಅಂಗುಲ, ಆ ಐದು ಅಂಗುಲದಿಂದಲೇ 112 ಚದರ ಅಡಿ ಹೆಚ್ಚುತ್ತದೆ. ನಿಮ್ಮ ಮಕ್ಕಳಿಗೆ ಈ ಗುಣಾಕಾರ ಸ್ವಲ್ಪ ದೊಡ್ಡದು, ಬೋರ್ಡಿನ ಮೇಲೆ ನೀವೇ ಮಾಡಿ ತೋರಿಸಿ.

ವಿಜಯಪುರ ಮಾಸ್ತರ:

ಮೇಡಂರಿ, ಗುಂಡಣ್ಣ ಊರಿಗೆ ಬರಲಿ, ಸಂತೋಷ. ಆದರ ಒಂದು ಮಾತು ಮೊದಲ ಹೇಳತೀನಿ: ಅದು ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿ ರೀ. ನಡುವಿನ ಕಟ್ಟೆ ಮ್ಯಾಲೆ ಕಾಣೋವು ಗುರುತಿನ ಗೋರಿ, ನಿಜವಾದ ಸಮಾಧಿ ಕೆಳಗ ನೆಲಮಾಳಿಗ್ಯಾಗ ಅದಾವ. ಹಂಗಂತ ಅವುಗಳ ಮ್ಯಾಲೆ ಗೊಂಬಿ ಕೂಡ್ರಿಸಿ ಫೋಟೊ ತಗೀಬಾರದು. ಇದನ್ನ ಮಕ್ಕಳಿಗೂ ಹೇಳ್ರಿ, ಇದೂ ಪಾಠನ.

ಮ್ಯಾಲೆ ಹೋಗೂದು ಮೂಲೆ ಮಿನಾರದಾಗಿನ ಮೆಟ್ಟಿಲಿಂದ, ಏಳು ಅಂತಸ್ತು. ಮೆಟ್ಟಿಲು ಇಕ್ಕಟ್ಟು, ಎತ್ತರ. ಗೊಂಬಿ ಕೈಯಾಗ ಹಿಡಕೊಂಡು ಹತ್ತಬ್ಯಾಡ್ರಿ, ಬ್ಯಾಗಿನ್ಯಾಗ ಇರಲಿ, ಎರಡೂ ಕೈ ಖಾಲಿ ಬೇಕು. ಗುಮ್ಮಟದ ಒಳಗ ಸುತ್ತಲೂ ಇರೋ ಪಿಸುಮಾತಿನ ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಮ್ಯಾಲೆ ಐತಿ. ಒಳಗಿನ ಅಂಚಿನ ಮ್ಯಾಲೆ ಗುಂಡಣ್ಣನ್ನ ಇಟ್ಟು ಫೋಟೊ ಹೊಡಿಯಾಕ ಹೋದ್ರ ಕೆಳಗ ಯಾರದರ ತಲಿ ಮ್ಯಾಲೆ ಬೀಳತಾನ. ಬೆನ್ನಿನ ಹೊಲಿಗೆಗೆ ಒಂದು ಲಾಡಿ ಗಟ್ಟಿಯಾಗಿ ಹೊಲಿದು ಮುಂಗೈಗೆ ಕಟ್ಟಿಕೊಳ್ಳಲಿ. ಕಿವಿಗೆ ಕಟ್ಟಿದ್ರ ಕಿವಿನ ಕಿತ್ತು ಬರತೈತಿ.

ದನಿ ಕೇಳಬೇಕಂದ್ರ ಬೆಳಿಗ್ಗೆ ಬಾಗಿಲಾ ತಗದ ಕೂಡಲೆ ಹೋಗ್ರಿ. ಹತ್ತು ಗಂಟೆ ಮ್ಯಾಲೆ ಶಾಲಿ ಬಸ್ಸು ಬಂದು ಎಲ್ಲಾರೂ ಒಮ್ಮೆಲೆ ಕೂಗತಾರ, ಪಿಸುಮಾತು ಗದ್ದಲದಾಗ ಮುಳುಗಿ ಹೋಗತೈತಿ. ಒಬ್ಬರು ಗುಂಡಣ್ಣನ ಜೋಡಿ ಗೋಡೆಗೆ ಒರಗಿ ಕೂಡ್ರಲಿ, ಇನ್ನೊಬ್ಬರು ನೇರ ಎದುರಿಗೆ ಹೋಗಿ ಗೋಡೆಗೆ ಮುಖ ಮಾಡಿ ಪಿಸುಗುಡಲಿ. ಗುಮ್ಮಟದ ನಡುವಿನ ಕಡೆ ಮುಖ ಮಾಡಿದ್ರ ಅಷ್ಟು ಚಂದ ಕೇಳೂದಿಲ್ಲ, ದನಿ ಗೋಡೆಯ ಬಾಗು ಹಿಡಕೊಂಡನ ಸಾಗಬೇಕು.

ಧ್ವನಿವಿಜ್ಞಾನ:

ಮಾಸ್ತರ ಮಾತಿಗೆ ಎರಡು ಸೇರಿಸುತ್ತೇನೆ. ಧ್ವನಿಯನ್ನು ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಹಿಡಿಯಬೇಡಿ. ಮಾತಷ್ಟನ್ನೇ ಕಳಿಸಲು ಮಾಡಿದ್ದು ಅದು, ಉಳಿದ ಸದ್ದನ್ನು ಅಡಗಿಸುವಾಗ ಪ್ರತಿಧ್ವನಿಯ ಬಾಲವೂ ತುಂಡಾಗಬಹುದು. ಫೋನಿನ ರೆಕಾರ್ಡರ್ ಬಳಸಿ, ನಾಯ್ಸ್ ರಿಡಕ್ಷನ್ ಆಯ್ಕೆ ಇದ್ದರೆ ಆಫ್ ಮಾಡಿ. ಒಂದೇ ಒಂದು ಚಪ್ಪಾಳೆ, ಆಮೇಲೆ ಹತ್ತು ಸೆಕೆಂಡು ಯಾರೂ ಉಸಿರೆತ್ತಬಾರದು. ಎಷ್ಟು ಸಲ ಮರುದನಿ ಬಂತು ಅಂತ ಹೋದವರು ಹೇಳಬಾರದು, ಮಕ್ಕಳೇ ಕೇಳಿ ಎಣಿಸಲಿ. ಒಬ್ಬರು ಏಳು ಅನ್ನುತ್ತಾರೆ, ಇನ್ನೊಬ್ಬರು ಹತ್ತು, ಆ ಜಗಳ ಒಳ್ಳೆಯದು.

ಲೆಕ್ಕವೂ ಸರಳ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಬಡಿದು ವಾಪಸು ಬರಲು 76 ಮೀಟರ್ ಸಾಗಬೇಕು, ಸೆಕೆಂಡಿಗೆ 340 ಮೀಟರಿನಂತೆ ಸುಮಾರು 0.22 ಸೆಕೆಂಡು. ಎರಡು ಸದ್ದುಗಳ ನಡುವೆ 0.1 ಸೆಕೆಂಡು ಅಂತರ ಇದ್ದರೆ ಕಿವಿ ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ನಿಮ್ಮ ತರಗತಿಯ ಕೋಣೆಯಲ್ಲಿ ಚಪ್ಪಾಳೆ ಯಾಕೆ ಮರಳಿ ಕೇಳುವುದಿಲ್ಲ ಅನ್ನುವುದೂ ಇದರಲ್ಲೇ ಇದೆ: ಗೋಡೆ 17 ಮೀಟರ್ ದೂರವಾದರೂ ಇರಬೇಕು.

ಕಮಾನು:

ಫೋಟೊ ಬಗ್ಗೆ. ಗೊಂಬೆಯನ್ನು ಕ್ಯಾಮೆರಾ ಹತ್ತಿರ ಹಿಡಿದರೆ ಗುಂಡಣ್ಣ ಗುಮ್ಮಟಕ್ಕಿಂತ ದೊಡ್ಡವನಾಗಿ ಕಾಣುತ್ತಾನೆ. ಅಂಥದ್ದು ಒಂದು ಇರಲಿ. ಇನ್ನೊಂದರಲ್ಲಿ ಅವನನ್ನು ಹಿಡಿದವರು ಬಾಗಿಲ ಬಳಿಯೇ ನಿಲ್ಲಲಿ, ಫೋಟೊ ದೂರದ ನಗಾರಖಾನೆಯ (ಗುಮ್ಮಟದ ಮುಂದಿರುವ, ನಗಾರಿ ಬಾರಿಸುತ್ತಿದ್ದ ಕಟ್ಟಡ) ಕಡೆಯಿಂದ ತೆಗೆಯಿರಿ. ಅವನು ಒಂದು ಚುಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟು 'ಯಾವುದು ಸುಳ್ಳು?' ಅಂತ ಕೇಳಿ. ಒಳಗೆ ಬೆಳಕು ಕಡಿಮೆ, ಕೈ ಅಲುಗಾಡಿ ಫೋಟೊ ಮಸುಕಾಗುತ್ತದೆ, ಮೊಣಕೈಯನ್ನು ಗೋಡೆಗೆ ಒರಗಿಸಿ ತೆಗೆಯಲಿ. ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು.

ನೆಲದ ಮೇಲೆ ನಿಂತು ತಲೆ ಎತ್ತಿ ಒಂದು ಫೋಟೊ ತಪ್ಪದೆ ಬೇಕು. ಒಂದನ್ನೊಂದು ಹಾಯುವ ಎಂಟು ಕಮಾನು ಕಾಣುತ್ತವೆ. ಈ ಕಟ್ಟಡದ ಜೀವ ಅದು. ತರಗತಿಯಲ್ಲಿ 20 ಸೆಂ.ಮೀ. ಬದಿಯ ಎರಡು ಚೌಕ ಕಾಗದ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಮೇಲಿನದನ್ನು 45 ಡಿಗ್ರಿ ತಿರುಗಿಸಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ, ನಡುವೆ ಎಂಟು ಬದಿಯ ಆಕಾರ, ಅದರೊಳಗೆ ದುಂಡನೆ ತಟ್ಟೆ ಸರಿಯಾಗಿ ಕೂರುತ್ತದೆ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂತದ್ದು ಹೀಗೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿರುವ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ, ಎರಡೂ ಸರಿತೂಗುತ್ತವೆ. ಒಳಗೆ ಒಂದೂ ಕಂಬ ಇಲ್ಲದಿರುವುದನ್ನು ಮಕ್ಕಳು ಫೋಟೊ ನೋಡಿ ತಾವೇ ಹೇಳುವ ತನಕ ಕಾಯಿರಿ.

ನಾಲ್ಕನೇ ತರಗತಿ ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಹುರಿ ಇವತ್ತೇ ಸಿದ್ಧ ಮಾಡುತ್ತೇನೆ. ಅವರ ಬಳಿ ಇನ್ನರ್ಧ ದಿನ ಇದೆ, ಗುಂಡಣ್ಣನಿಗೆ ಬೇರೆ ಏನು ತೋರಿಸಲಿ?

ವಿಜಯಪುರ ಮಾಸ್ತರ:

ಆನಿ ಅಂದಮ್ಯಾಲೆ ಮಲಿಕ್-ಎ-ಮೈದಾನ್ ತೋಪು ನೋಡಲೇಬೇಕು ರೀ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 5 ಟನ್ನಿನ ಆನಿ ಲೆಕ್ಕ ಹಿಡಿದ್ರ ಹನ್ನೊಂದು ಆನಿ ತೂಕ. ತೋಪಿನ ಬಾಯಿ ತೆರೆದ ಸಿಂಹದ ಬಾಯಿ ಐತಿ, ಅದರ ಕೋರೆಹಲ್ಲಿನ ನಡುವ ಒಂದು ಪುಟ್ಟ ಆನಿ ಸಿಕ್ಕೊಂಡೈತಿ. ಅದನ್ನ ಹತ್ತಿರದಿಂದ ಒಂದು ಫೋಟೊ, ಪಕ್ಕದಾಗ ಗುಂಡಣ್ಣ. ಗೊಂಬಿನ ಕೈಯಾಗ ಹಿಡೀರಿ, ತೋಪಿನ ಮ್ಯಾಲೆ ಇಡಬ್ಯಾಡ್ರಿ. ಮತ್ತ ನಗಾರಖಾನೆಯಾಗಿನ ಮ್ಯೂಸಿಯಂ ಶುಕ್ರವಾರ ಬಂದ್ ಇರತೈತಿ, ದಿನ ನೋಡಿಕೊಂಡು ಹೊರಡಲಿ.