ಬಚ್ಚಲ ಗೋಡೆಯ ದೊಡ್ಡ ಜೇಡ: ಹಂಟ್ಸ್‌ಮನ್ ಹೌದಾ? ಫೋಟೊ ಹೇಗೆ ತೆಗೆಯೋದು?

ಕಾಡಂಚಿನಮನೆ:
ಶಿರಸಿ ಕಡೆಯ ಹಂಚಿನ ಮನೆ. ಬಚ್ಚಲುಮನೆ ಗೋಡೆ ಮೇಲೆ ಮೂರು ದಿನದಿಂದ ಒಂದು ಜೇಡ ಕೂತಿದೆ. ಕಾಲು ಸೇರಿ ಅಂಗೈ ಅಗಲ, ಕಂದು ಬಣ್ಣ, ಬಲೆ ಇಲ್ಲ. ಎದೆ ಕೆಳಗೆ ಬಿಳಿ ಬಿಲ್ಲೆಯಂಥದ್ದನ್ನು ಅವುಚಿಕೊಂಡಿದೆ. ಹಂಟ್ಸ್‌ಮನ್ನಾ, ತೋಳ ಜೇಡವಾ? ಮೊಬೈಲಲ್ಲಿ ತೆಗೆದರೆ ಜೇಡ ಕಪ್ಪು ಮುದ್ದೆ, ಸುಣ್ಣದ ಗೋಡೆ ಬೂದು. ಮನೇಲಿ ಮಕ್ಕಳಿದ್ದಾರೆ, ಹೊರಗೆ ಹಾಕಲೇಬೇಕಾ?

ಎಂಟ್ಗಣ್ಣ:
ಬಿಳಿ ಬಿಲ್ಲೆ ಅಂದರೆ ಮೊಟ್ಟೆಚೀಲ, ಹಾಗಾಗಿ ಹೆಣ್ಣು. ತೋಳ ಜೇಡ ಚೀಲವನ್ನು ಹಿಂಬದಿಗೆ, ನೂಲು ಬರುವ ಜಾಗಕ್ಕೆ ಅಂಟಿಸಿಕೊಂಡು ತಿರುಗುತ್ತೆ, ಅದೂ ದುಂಡಗಿನ ಉಂಡೆ. ಬತ್ತಾಸಿನಂತೆ ಚಪ್ಪಟೆ ಚೀಲವನ್ನು ಎದೆಯಡಿ ಹಿಡಿಯೋದು ನಮ್ಮ ಮನೆಗಳ ಸಾಮಾನ್ಯ ಹಂಟ್ಸ್‌ಮನ್, ಹೆಟೆರೊಪೋಡಾ ವೆನಟೋರಿಯಾ. 1767ರಲ್ಲೇ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಜಾತಿ. ಹಡಗಿನ ಸರಕಿನ ಜೊತೆ ಉಷ್ಣವಲಯದ ತುಂಬಾ ಹಬ್ಬಿದೆ.

ಆದರೂ ಚೀಲವೊಂದನ್ನೇ ನಂಬಬೇಡಿ. ಕಾಲುಗಳು ಏಡಿಯಂತೆ ಪಕ್ಕಕ್ಕೆ ತಿರುಚಿರಬೇಕು, ಕಾಲಿನ ಮುಳ್ಳುಗಳ ಬುಡದಲ್ಲಿ ಕಪ್ಪು ಚುಕ್ಕೆ ಇರಬೇಕು. ತೀರ್ಮಾನ ಹೇಳೋದು ಮುಖ. ಕಣ್ಣು ಎಂಟು, ನಾಲ್ಕು ನಾಲ್ಕರ ಎರಡು ಸಾಲು. ಮುಂದಿನ ಸಾಲಿನಲ್ಲಿ ಅಂಚಿನ ಎರಡು ನಡುವಿನವಕ್ಕಿಂತ ದೊಡ್ಡವು. ಕಣ್ಣಿನ ಕೆಳಗೆ ಮೀಸೆಯಂತೆ ಅಡ್ಡಕ್ಕೆ ಕೆನೆಬಣ್ಣದ ಪಟ್ಟಿ. ಮುಂದಿನ ಸಾಲಲ್ಲಿ ಆರು ಕಣ್ಣು ಕಂಡರೆ ಅದು ಸೆಲೆನಾಪ್ಸ್ ಅನ್ನೋ ಬೇರೆ ಜೇಡ. ಅದೂ ಗೋಡೆಗೆ ಚಪ್ಪಟೆಯಾಗಿ ಅಂಟಿರುತ್ತೆ, ಜನ ಏಮಾರೋದು ಅಲ್ಲೇ.

ಕಚ್ಚಿದರೆ ನೋವು, ಸ್ವಲ್ಪ ಊತ, ಅಷ್ಟೆ. ಜೇಡ ಹರಿದರೆ ಗುಳ್ಳೆ ಏಳುತ್ತೆ ಅನ್ನೋ ಮಾತಿದೆಯಲ್ಲ, ಅದು ಎಷ್ಟೋ ಸಲ ಪೆಡೆರಸ್ ಅನ್ನೋ ಕೆಂಪು-ಕಪ್ಪು ಸಣ್ಣ ದುಂಬಿಯ ಕೆಲಸ. ಬೈಗುಳ ಮಾತ್ರ ಜೇಡಕ್ಕೆ.

ಗೋಡೆಗಂಟಿದಲೆನ್ಸ್:
ಬಿಳಿ ಗೋಡೆಯನ್ನು ಕ್ಯಾಮೆರಾ ತಾನಾಗಿ ಬೂದು ಮಾಡಿಬಿಡುತ್ತೆ. ಜೇಡದ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಷರ್ (ಫೋಟೊದ ಬೆಳಕಿನ ಮಟ್ಟ) +0.7ರಿಂದ +1ರವರೆಗೆ ಏರಿಸಿ. ತೀರಾ ಹತ್ತಿರ ಹೋದರೆ ಮೊಬೈಲ್ ಫೋಕಸ್ ಹಿಡಿಯಲ್ಲ, 15–20 ಸೆಂ.ಮೀ ದೂರ ನಿಂತು 2 ಪಟ್ಟು ಝೂಮ್ ಮಾಡಿ. ಬಚ್ಚಲಲ್ಲಿ ಹಂಡೆಯ ಹಬೆ ಇದ್ದರೆ ಮೊದಲು ಮೊಬೈಲನ್ನು ಹತ್ತು ನಿಮಿಷ ಅಲ್ಲೇ ಇಡಿ, ಇಲ್ಲವಾದರೆ ಲೆನ್ಸಿಗೆ ಮಂಜು ಕೂರುತ್ತೆ.

ಮೊಬೈಲಿನ ಫ್ಲ್ಯಾಶ್ ಬೇಡ, ಕೂದಲಿನ ವಿವರವೆಲ್ಲ ಅಳಿಸಿಹೋಗುತ್ತೆ. ಬೇರೆಯವರ ಕೈಲಿ ಟಾರ್ಚ್ ಕೊಟ್ಟು, ಟಾರ್ಚಿನ ಬಾಯಿಗೆ ಟ್ರೇಸಿಂಗ್ ಪೇಪರ್ ಕಟ್ಟಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಮೊದಲ ಫೋಟೊಗೆ ಮೊಬೈಲ್ ಗೋಡೆಗೆ ಸಮಾನಾಂತರವಾಗಿರಲಿ, ಎಂಟೂ ಕಾಲು ಚೊಕ್ಕ ಬರುತ್ತೆ. ಸ್ವಲ್ಪ ಆಚೆ, ಫೋಟೊದಲ್ಲಿ ಬರೋ ಹಾಗೆ ಶಾಲೆ ಮಕ್ಕಳ ಸ್ಕೇಲ್ ಅಂಟಿಸಿ, ಅಳತೆ ಸಿಗುತ್ತೆ. ಮುಖದ ಫೋಟೊಗೆ ಮೊಬೈಲಿನ ಅಂಚನ್ನು ಗೋಡೆಗೇ ಒರಗಿಸಿ ಜಾರಿಸುತ್ತಾ ಹೋಗಿ. ತಲೆ ಕೆಳಗಾಗಿ ಕೂತಿದ್ದರೆ ಕೆಳಗಿನಿಂದ ತೆಗೆಯಿರಿ. ಉಸಿರು ಬಿಡೋದು ಮಾತ್ರ ಬೇರೆ ಕಡೆಗೆ: ಕಾಲಿನ ಸಣ್ಣ ಕೂದಲು ಗಾಳಿ ಅಲುಗಿದ್ದನ್ನೂ ಹಿಡಿಯುತ್ತೆ, ಒಂದು ಉಸಿರಿಗೆ ಜೇಡ ತೊಲೆಯ ಸಂದಿ ಸೇರುತ್ತೆ.

ಕ್ಯಾಮೆರಾಗೆ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ) ಲೆನ್ಸ್ ಇದ್ದರೆ ಅಪರ್ಚರ್ ಎಫ್/11, ಶಟರ್ ವೇಗ ಸೆಕೆಂಡಿನ 1/200, ಐಎಸ್‌ಒ 200, ಬೆಳಕನ್ನು ಮೆದು ಮಾಡುವ ಡಿಫ್ಯೂಸರ್ ಹಾಕಿದ ಫ್ಲ್ಯಾಶ್. 1:1ರಲ್ಲಿ, ಅಂದರೆ ಸೆನ್ಸರ್ ಮೇಲೆ ಜೇಡ ನಿಜ ಗಾತ್ರದಲ್ಲೇ ಮೂಡುವಾಗ, ಫೋಕಸ್ ಆಳ ಒಂದೆರಡು ಮಿಲಿಮೀಟರ್ ಅಷ್ಟೇ, ಅದನ್ನು ಕಣ್ಣಿಗೇ ಮೀಸಲಿಡಿ.

ಕಾಡಂಚಿನಮನೆ:
ಮುಖ ಸಿಕ್ತು, ಕೆನೆ ಪಟ್ಟಿ ಸ್ಪಷ್ಟ ಇದೆ. ಹೊಟ್ಟೆ ಕಡೆದೂ ಬೇಕಂದ್ರೆ ಗಾಜಿನ ಲೋಟದಲ್ಲಿ ಹಿಡೀಲಾ?

ಎಂಟ್ಗಣ್ಣ:
ಈಗ ಬೇಡ. ಗಾಬರಿಯಾದರೆ ಚೀಲ ಬಿಟ್ಟು ಓಡಬಹುದು. ಮರಿ ಹೊರಬರೋಕೆ ಕೆಲವು ವಾರ ಹಿಡಿಯುತ್ತೆ, ಅಲ್ಲಿತನಕ ಹಾಗೇ ಇರಲಿ. ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿ ಫೋಟೊ ತೆಗೀರಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ.

ಕಟ್ಟಿಗೆ ರಾಶಿ, ಬಾಗಿಲ ಹಿಂದೆಲ್ಲ ಕಳಚಿದ ಪೊರೆ ಹುಡುಕಿ. ಸತ್ತ ಜೇಡ ಅಂತ ಗುಡಿಸಿ ಎಸೆದುಬಿಡ್ತೀವಿ. ಪೊರೆಯ ಬೆನ್ನಿನ ಭಾಗ ಡಬ್ಬಿ ಮುಚ್ಚಳದಂತೆ ತೆರೆದಿರುತ್ತೆ, ಅದರಲ್ಲಿ ಎಂಟೂ ಕಣ್ಣಿನ ಗುರುತು ಹಾಗೇ ಉಳಿದಿರುತ್ತೆ. ಕಿಟಕಿ ಬೆಳಕಲ್ಲಿ ಎಷ್ಟು ಹೊತ್ತು ಬೇಕಾದರೂ ತೆಗೀಬಹುದು, ಓಡಿಹೋಗಲ್ಲ.